ಕಾಂಟೆಸ್ಸಾ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿ: ಬೂಸ್ಟರ್ ಹೋಗಿದೆಯಾ, ಬೇರೆ ಏನಾದ್ರೂ ಇದೆಯಾ?

ಹಾಸನದ ಕಾಂಟೆಸ್ಸಾ · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ 1992ರ ಕಾಂಟೆಸ್ಸಾ ಕ್ಲಾಸಿಕ್, 1.8 ಇಸುಜು ಪೆಟ್ರೋಲ್. ಅವರು ತೀರಿಕೊಂಡ ಮೇಲೆ ನಾಲ್ಕು ವರ್ಷ ಶೆಡ್ಡಲ್ಲೇ ನಿಂತಿತ್ತು. ಹೋದ ವರ್ಷ ಹೊರಗೆ ತೆಗೆದು ಒಂದೊಂದೇ ಕೆಲಸ ಮಾಡಿಸ್ತಾ ಬಂದಿದ್ದೀನಿ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಕಂಪನಿಯಿಂದಲೇ ಬಂದ ಬೂಸ್ಟರ್, ಅಂದ್ರೆ ಎಂಜಿನ್ ಗಾಳಿ ಹೀರಿ ಮಾಡೋ ವ್ಯಾಕ್ಯೂಮ್‌ನಿಂದ ಕಾಲಿನ ಬಲ ಹೆಚ್ಚಿಸೋ ಡಬ್ಬಿ.

ಹೋದ ಭಾನುವಾರ ಅಮ್ಮನನ್ನ ಕರ್ಕೊಂಡು ಕುಕ್ಕೆಗೆ ಹೊರಟಿದ್ದೆ. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಮುಂದೆ ಒಂದು ಟ್ಯಾಂಕರ್. ನಾಲ್ಕೈದು ಸಲ ಬ್ರೇಕ್ ಒತ್ತಿದೆ, ಸರಿ ಇತ್ತು. ಆರನೇ ಸಲ ಪೆಡಲ್ ಕಲ್ಲು. ಎರಡೂ ಕಾಲಲ್ಲಿ ನಿಂತ ಹಾಗೆ ಒತ್ತಿದ್ರೂ ಗಾಡಿ ನಿಧಾನಕ್ಕೆ ಜಾರ್ತಾನೇ ಇತ್ತು. ಸೆಕೆಂಡ್ ಗೇರ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಪಕ್ಕಕ್ಕೆ ತಂದೆ. ಅಮ್ಮ ಒಂದು ಮಾತೂ ಆಡಲಿಲ್ಲ, ಡ್ಯಾಶ್‌ಬೋರ್ಡ್ ಹಿಡ್ಕೊಂಡು ಕೂತಿದ್ರು.

ಬ್ರೇಕ್ ಒತ್ತಿ ಹಿಡಿದ್ರೆ ಪೆಡಲ್ ಹತ್ತಿರ ಸುಯ್ ಅಂತ ಸದ್ದು ಬರುತ್ತೆ, ಎಂಜಿನ್ ನಡುಗುತ್ತೆ. ಗ್ಯಾರೇಜಿನವರು ಬೂಸ್ಟರ್ ಹೋಗಿದೆ, ಗುಜರಿಯಿಂದ ಒಂದು ತಂದು ಹಾಕೋಣ ಅಂತಾರೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಬಿಳಿ ಹೊಗೆಯೂ ಬರ್ತಿದೆ, ಅದು ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಕೆಳಗಿನ ಸೀಲ್, ಹೋದ್ರೆ ರೇಡಿಯೇಟರ್ ನೀರು ಎಂಜಿನ್ ಒಳಗೆ ಸೋರುತ್ತೆ), ಎರಡೂ ಒಟ್ಟಿಗೆ ಮಾಡೋಣ ಅಂದ್ರು. ತಿಳಿದವರು ಹೇಳಿ.

ಕುಡ್ಲದ ಸ್ಪ್ಯಾನರ್ · ಶನಿವಾರ ರಾತ್ರಿ

ಮಾರಾಯ್ರೆ, ಮೊದಲು ಒಂದು ಮಾತು. ಆ ಗಾಡಿಯನ್ನು ಸದ್ಯ ರಸ್ತೆಗೆ ಇಳಿಸ್ಬೇಡಿ. ಬೂಸ್ಟರಿಗೆ ದುಡ್ಡು ಕೊಡುವ ಮೊದಲು ನನಗೆ ಹತ್ತು ನಿಮಿಷ ಕೊಡಿ. ನಾನು ಮೂವತ್ತು ವರ್ಷ ಬ್ರೇಕ್ ಕೆಲಸವೇ ಮಾಡಿದವ. ಬೂಸ್ಟರ್ ಹೋಗಿದೆ ಅಂತ ಬಿಚ್ಚಿ ತಂದದ್ದರಲ್ಲಿ ಎಷ್ಟೋ ಬೂಸ್ಟರ್ ಸರಿಯೇ ಇರ್ತಿತ್ತು. ಪೈಪು ಚಪ್ಪಟೆ ಆಗಿದ್ರೂ ಬೂಸ್ಟರನ್ನೇ ಬದಲಿಸುವುದು, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಮೂರು ಪರೀಕ್ಷೆ ಉಂಟು, ಯಾವ ಹತ್ಯಾರೂ ಬೇಡ. ಎಂಜಿನ್ ಬಂದ್ ಇರುವಾಗ ಪೆಡಲನ್ನು ಐದಾರು ಸಲ ಒತ್ತಿ, ಬೂಸ್ಟರ್ ಒಳಗಿನ ವ್ಯಾಕ್ಯೂಮ್ ಪೂರ ಖಾಲಿ ಆಗ್ಲಿ. ಆಮೇಲೆ ಕಾಲನ್ನು ಹದವಾಗಿ ಒತ್ತಿ ಇಟ್ಟುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಕಾಲಿನ ಕೆಳಗೆ ತಾನಾಗಿ ಒಂದಿಷ್ಟು ಇಳಿಯಬೇಕು. ಇಳಿಯದಿದ್ರೆ ವ್ಯಾಕ್ಯೂಮ್ ಬರ್ತಾ ಇಲ್ಲ, ಅಥವಾ ಬಂದದ್ದು ನಿಲ್ತಾ ಇಲ್ಲ.

ಎರಡನೇದು, ಎರಡು ನಿಮಿಷ ಎಂಜಿನ್ ಓಡಿಸಿ ಬಂದ್ ಮಾಡಿ. ಐದು ನಿಮಿಷ ಬಿಟ್ಟು ಒತ್ತಿ. ಮೊದಲ ಸಲ ಪೆಡಲ್ ಮೆತ್ತಗೆ ಕೆಳಗೆ ಹೋಗಿ, ಎರಡನೇ ಮೂರನೇ ಸಲಕ್ಕೆ ಮೇಲೆ ಮೇಲೆ ಗಟ್ಟಿ ಆಗ್ತಾ ಬರ್ಬೇಕು. ಮೊದಲ ಒತ್ತಿಗೇ ಕಲ್ಲು ಅಂದ್ರೆ ಪೈಪಿನ ತುದಿಯ ಎನ್‌ಆರ್‌ವಿ, ಅಂದ್ರೆ ಗಾಳಿಯನ್ನು ಒಂದೇ ಕಡೆಗೆ ಬಿಡುವ ವಾಲ್ವ್, ನೋಡಿ. ಅದನ್ನು ಕಿತ್ತು ಬಾಯಲ್ಲಿ ಊದಿ. ಬೂಸ್ಟರ್ ಕಡೆಯಿಂದ ಎಂಜಿನ್ ಕಡೆಗೆ ಗಾಳಿ ಹೋಗ್ಬೇಕು, ಆಚೆಯಿಂದ ಈಚೆಗೆ ಬರ್ಬಾರದು.

ಮೂರನೇದು ಬಹಳ ಜನ ಮಾಡುವುದೇ ಇಲ್ಲ. ಎಂಜಿನ್ ಓಡುವಾಗ ಬ್ರೇಕ್ ಒತ್ತಿ, ಒತ್ತಿ ಹಿಡಿದೇ ಎಂಜಿನ್ ಬಂದ್ ಮಾಡಿ, ಅರ್ಧ ನಿಮಿಷ ಕಾಲು ಅಲ್ಲಾಡಿಸ್ಬೇಡಿ. ಪೆಡಲ್ ಅಲ್ಲೇ ಇರ್ಬೇಕು. ನಿಮ್ಮ ಕಾಲನ್ನು ಮೇಲಕ್ಕೆ ದೂಡ್ತಾ ಬಂದ್ರೆ, ಒತ್ತಿದಾಗ ಮಾತ್ರ ಸೋರುವ ತೂತು ಬೂಸ್ಟರ್ ಒಳಗೇ ಉಂಟು.

ಎಂಜಿನ್‌ನಿಂದ ಬೂಸ್ಟರಿಗೆ ಬರುವ ರಬ್ಬರ್ ಪೈಪನ್ನೂ ಎಂಜಿನ್ ಬಿಸಿ ಆದ ಮೇಲೆ ಕೈಯಲ್ಲಿ ಹಿಚುಕಿ ನೋಡಿ. ತಣ್ಣಗಿರುವಾಗ ಸರಿಯೇ ಇರ್ತದೆ. ಯಾರಾದ್ರೂ ಪೆಟ್ರೋಲ್ ಪೈಪ್ ತುಂಡು ಹಾಕಿದ್ರೆ ಬಿಸಿಗೆ ಮೆತ್ತಗಾಗಿ ಒಳಗೆ ಹೀರಿಕೊಂಡು ಮುಚ್ಚಿಕೊಳ್ತದೆ. ಬ್ರೇಕಿನದ್ದು ವ್ಯಾಕ್ಯೂಮಿಗೆ ಅಂತಲೇ ಬರುವ ದಪ್ಪ ಗೋಡೆಯ ಪೈಪು.

ಪದ್ಮಿನಿ ಪ್ರಿಯ · ಭಾನುವಾರ ಬೆಳಗ್ಗೆ

ಸಾರ್, ಇಷ್ಟೆಲ್ಲ ಯಾಕೆ? ನಮ್ಮ ಪದ್ಮಿನಿಗೆ ಬೂಸ್ಟರ್ ಇಲ್ಲವೇ ಇಲ್ಲ, ನಲವತ್ತು ವರ್ಷದಿಂದ ನಿಲ್ತಾನೇ ಇದೆ. ಬೂಸ್ಟರ್ ತೆಗೆದು ಮಾಸ್ಟರ್ ಸಿಲಿಂಡರ್ (ಬ್ರೇಕ್ ಆಯಿಲ್‌ನ ಚಕ್ರಗಳಿಗೆ ತಳ್ಳೋ ಭಾಗ) ನೇರ ಪೆಡಲ್‌ಗೆ ಕೂರಿಸಿಬಿಡಿ.

ಮೈಸೂರು ಲೇತ್ · ಭಾನುವಾರ ಬೆಳಗ್ಗೆ

ದಯವಿಟ್ಟು ಹಾಗೆ ಮಾಡಬೇಡಿ. ಪದ್ಮಿನಿಗೆ ನಾಲ್ಕೂ ಕಡೆ ಡ್ರಮ್. ಡ್ರಮ್ ಒಳಗೆ ಮುಂದಿನ ಶೂ ತಿರುಗೋ ಡ್ರಮ್ಮಿಗೆ ಸಿಕ್ಕಿ ತಾನೇ ಇನ್ನಷ್ಟು ಒಳಕ್ಕೆ ಎಳ್ಕೊಳ್ಳುತ್ತೆ, ಅದಕ್ಕೇ ಕಾಲಿನ ಬಲ ಕಡಿಮೆ ಸಾಕು. ಡಿಸ್ಕ್‌ಗೆ ಆ ಗುಣ ಇಲ್ಲ. ಪ್ಯಾಡ್‌ಗೆ ನೀವು ಎಷ್ಟು ಒತ್ತುತ್ತೀರೋ ಅಷ್ಟೇ. ಅದೂ ಅಲ್ಲದೆ ಬೂಸ್ಟರ್ ಇಲ್ಲದ ಗಾಡಿಯಲ್ಲಿ ಪೆಡಲ್ ಸನ್ನೆ (ಕಾಲಿನ ಬಲವನ್ನ ಪೆಡಲ್ ಎಷ್ಟು ಪಟ್ಟು ಮಾಡುತ್ತೆ ಅನ್ನೋದು) ಸುಮಾರು ಆರಕ್ಕೆ ಒಂದು ಇರುತ್ತೆ, ಬೂಸ್ಟರ್ ಇರೋದರಲ್ಲಿ ನಾಲ್ಕಕ್ಕೆ ಒಂದರ ಆಸುಪಾಸು. ಬೂಸ್ಟರ್ ಕಿತ್ತರೆ ಅದರ ಬಲವೂ ಹೋಯ್ತು, ಸನ್ನೆಯೂ ಸಾಲಲ್ಲ.

ಎಷ್ಟು ಬಲ ಅಂತ ಲೆಕ್ಕ ಹಾಕಿ. ಬೂಸ್ಟರ್ ಒಳಗಿನ ರಬ್ಬರ್ ಪರದೆ, ಅಂದ್ರೆ ಡಯಾಫ್ರಮ್, ಎಂಟು ಇಂಚು ಅಗಲ ಅಂದ್ಕೊಳ್ಳಿ, 50 ಚದರ ಇಂಚು. 20 ಇಂಚು (ಪಾದರಸದ ಅಳತೆ) ವ್ಯಾಕ್ಯೂಮ್ ಅಂದ್ರೆ ಚದರ ಇಂಚಿಗೆ 9.8 ಪೌಂಡ್ ಒತ್ತಡದ ವ್ಯತ್ಯಾಸ. ಹೆಚ್ಚುಕಡಿಮೆ 220 ಕೆಜಿ ತಳ್ಳುಬಲ. ಅಮ್ಮನನ್ನ ಕೂರಿಸ್ಕೊಂಡು ಘಾಟಿ ಇಳಿಯುವಾಗ ಇಷ್ಟನ್ನು ಕಾಲಿನಿಂದ ಕೊಡೋಕಾಗಲ್ಲ.

ಗೇಜ್ ಹಾಕಿ ನೋಡುವವರಿಗೆ ಇನ್ನೊಂದು ಮಾತು. ಹೊರದೇಶದ ಮ್ಯಾನ್ಯುಯಲ್‌ಗಳಲ್ಲಿ ಸ್ಲೋನಲ್ಲಿ (ಎಕ್ಸಲರೇಟರ್ ಒತ್ತದೆ ಎಂಜಿನ್ ಓಡುವಾಗ) 18ರಿಂದ 21 ಇಂಚು ಬರಬೇಕು ಅಂತ ಇರುತ್ತೆ. ಅದು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿ ಏರಿದ್ರೆ ಸುಮಾರು ಒಂದು ಇಂಚು ಕಡಿಮೆ. ಬೆಂಗಳೂರು, ಹಾಸನ ಎರಡೂ ಮೂರು ಸಾವಿರ ಅಡಿ ಎತ್ತರದಲ್ಲಿವೆ, ಮಂಗಳೂರಲ್ಲಿ 20 ತೋರಿಸೋ ಎಂಜಿನ್ ಇಲ್ಲಿ 17 ತೋರಿಸುತ್ತೆ. ಎಂಜಿನ್‌ಗೆ ಏನೂ ಆಗಿರಲ್ಲ. ಇದು ಗೊತ್ತಿಲ್ಲದೆ ವಾಲ್ವ್ ಕೆಲಸ ಮಾಡಿಸಿದವರನ್ನ ನಾನೇ ನೋಡಿದ್ದೀನಿ, ಬೇಜಾರಾಗುತ್ತೆ.

ಧಾರವಾಡ ಡೀಸೆಲ್ · ಭಾನುವಾರ ಮಧ್ಯಾಹ್ನ

ಡೀಸೆಲ್ ಗಾಡಿ ಇದ್ದೋರಿಗೂ ಒಂದ ಮಾತು ಹೇಳ್ತೀನ್ರಿ. ನಂದು ಮರ್ಸಿಡಿಸ್ ಡಬ್ಲ್ಯೂ123, 240ಡಿ. ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಗಾಡಿಗತೆ ಗಾಳಿ ತಡಿಯೂ ಥ್ರಾಟಲ್ ಇರಂಗಿಲ್ಲ, ಅದಕ್ಕ ಎಂಜಿನ್ನಿಗೆ ಗಾಳಿ ಹೋಗೂ ಮ್ಯಾನಿಫೋಲ್ಡಿನ್ಯಾಗ ವ್ಯಾಕ್ಯೂಮ್ ಹುಟ್ಟಂಗಿಲ್ಲ. ಬ್ಯಾರೆ ಪಂಪ್ ಬೇಕ. ನಮ್ಮ ಗಾಡ್ಯಾಗ ಪಂಪ್ ಎಂಜಿನ್ನಿನ ಮುಂದ ಐತಿ. ಕಾಂಟೆಸ್ಸಾ ಡೀಸೆಲ್‌ದಾಗ ಅಲ್ಟರ್‌ನೇಟರಿನ ಹಿಂದ ಇರ್ತೈತಿ, ಎಂಜಿನ್ ಆಯಿಲ್ ಪೈಪ್ ಅದಕ್ಕ ಬಂದಿರ್ತೈತಿ. ಆ ಆಯಿಲ್ ನಿಂತರ ಒಳಗಿನ ರೆಕ್ಕಿ ಸವದು ವ್ಯಾಕ್ಯೂಮ್ ಹೊಕ್ಕೈತಿ. ಪೆಡಲ್ ಗಟ್ಟಿ ಆತಂದ್ರ ಡೀಸೆಲ್‌ನ್ಯಾಗ ಮೊದಲ ಪಂಪ್ ನೋಡ್ರಿ.

ನಂದರಾಗ ಹೆಂಗ ಗೊತ್ತಾತು ಅಂದ್ರ, ಕೀಲಿ ತೆಗದರೂ ಎಂಜಿನ್ ಬಂದ್ ಆಗವಲ್ದು! ಡಬ್ಲ್ಯೂ123 ಡೀಸೆಲ್‌ದಾಗ ಎಂಜಿನ್ ಬಂದ್ ಮಾಡೂದೂ ವ್ಯಾಕ್ಯೂಮ, ಬಾಗಲಾ ಲಾಕ್ ಮಾಡೂದೂ ವ್ಯಾಕ್ಯೂಮ. ಕಡೀಕೆ ನೋಡಿದ್ರ ಬಾಗಲದಾಗಿನ ಒಂದು ಸಣ್ಣ ರಬ್ಬರ್ ಹರದಿತ್ತು. ಬಾಗಲದ ರಬ್ಬರ್ ಹರದು ಎಂಜಿನ್ ನಿಲ್ಲವಲ್ದು ಅಂದ್ರ ಯಾರ ನಂಬಬೇಕ್ರಿ?

ಹಾಸನದ ಕಾಂಟೆಸ್ಸಾ · ಭಾನುವಾರ ಸಂಜೆ

ಸ್ಪ್ಯಾನರ್ ಅಣ್ಣ, ಮೂರೂ ಮಾಡಿದೆ. ಮೊದಲನೇದರಲ್ಲಿ ಪೆಡಲ್ ಇಳೀತು, ಆದ್ರೆ ಬೆರಳು ಅಗಲವೂ ಇಲ್ಲ. ಎರಡನೇದು ಚೆನ್ನಾಗೇ ಬಂತು, ಮೊದಲ ಸಲ ಮೆತ್ತಗೆ, ಆಮೇಲೆ ಗಟ್ಟಿ. ಮೂರನೇದರಲ್ಲಿ ಹತ್ತು ಎಣಿಸೋ ಹೊತ್ತಿಗೆ ಪೆಡಲ್ ನನ್ನ ಕಾಲನ್ನ ಮೇಲೆ ತಳ್ಳಿಬಿಡ್ತು. ಎನ್‌ಆರ್‌ವಿ ಊದಿ ನೋಡಿದೆ, ಒಂದೇ ಕಡೆ ಹೋಗುತ್ತೆ. ಪೈಪ್ ಬಿಸಿಯಲ್ಲೂ ಗಟ್ಟಿ ಇದೆ.

ಕುಡ್ಲದ ಸ್ಪ್ಯಾನರ್ · ಭಾನುವಾರ ಸಂಜೆ

ಹಾಗಾದ್ರೆ ಈ ಸಲ ಗ್ಯಾರೇಜಿನವರು ಹೇಳಿದ್ದು ಸರಿ, ಬೂಸ್ಟರೇ. ಒತ್ತದೆ ಬಿಟ್ಟಾಗ ಡಯಾಫ್ರಮಿನ ಎರಡೂ ಬದಿ ವ್ಯಾಕ್ಯೂಮೇ ಇರ್ತದೆ, ಹರಿದಿದ್ರೂ ಗೊತ್ತಾಗುದಿಲ್ಲ. ಒತ್ತಿದಾಗ ಹಿಂದಿನ ಬದಿಗೆ ಹೊರಗಿನ ಗಾಳಿ ನುಗ್ಗುತ್ತದೆ, ಹರಿದ ಜಾಗದಿಂದ ಮುಂದಿನ ಬದಿಗೆ, ಅಲ್ಲಿಂದ ಎಂಜಿನ್‌ಗೆ. ಸದ್ದು, ನಡುಕ ಎರಡೂ ಅದರಿಂದಲೇ. ಒತ್ತಿದ ಕ್ಷಣಕ್ಕೆ ಒಂದು ಸಣ್ಣ ಉಸಿರಿನ ಸದ್ದು ಎಲ್ಲ ಬೂಸ್ಟರಿಗೂ ಉಂಟು, ಹಿಡಿದಷ್ಟು ಹೊತ್ತೂ ಬರ್ತಾ ಇದ್ರೆ ಅದು ಸೋರಿಕೆ.

ಒಂದು ಕೇಳ್ತೇನೆ, ಬೇಜಾರು ಮಾಡ್ಕೊಳ್ಬೇಡಿ. ಘಾಟಿಯಲ್ಲಿ ನ್ಯೂಟ್ರಲ್ ಹಾಕಿದ್ರಾ?

ಹಾಸನದ ಕಾಂಟೆಸ್ಸಾ · ಭಾನುವಾರ ರಾತ್ರಿ

ಹೌದು ಅಣ್ಣ. ಅಪ್ಪ ಇಳಿಜಾರಲ್ಲಿ ಹಾಗೇ ಬಿಡ್ತಿದ್ರು, ಪೆಟ್ರೋಲ್ ಉಳಿಯುತ್ತೆ ಅಂತ. ನಾನೂ ಅದನ್ನೇ ಕಲಿತೆ.

ಕುಡ್ಲದ ಸ್ಪ್ಯಾನರ್ · ಭಾನುವಾರ ರಾತ್ರಿ

ಆಗಿನವರು ತುಂಬ ಜನ ಹಾಗೆಯೇ ಓಡಿಸ್ತಿದ್ದದ್ದು, ಕೆಲವರು ಚಾವಿಯನ್ನೇ ತಿರುಗಿಸಿಬಿಡ್ತಿದ್ರು. ದಯವಿಟ್ಟು ಬಿಟ್ಟುಬಿಡಿ. ನ್ಯೂಟ್ರಲಲ್ಲಿ ಎಂಜಿನ್ ಬಂದ್ ಆದ್ರೆ ಬೂಸ್ಟರಲ್ಲಿ ಎರಡು ಮೂರು ಒತ್ತಿಗೆ ಆಗುವಷ್ಟು ಮಾತ್ರ ವ್ಯಾಕ್ಯೂಮ್ ಉಳಿಯುದು. ಪೆಟ್ರೋಲ್ ಗಾಡಿಯನ್ನು ಸೆಕೆಂಡ್ ಗೇರಲ್ಲಿ, ಎಕ್ಸಲರೇಟರ್ ಪೂರ ಬಿಟ್ಟು ಇಳಿಸಿದ್ರೆ ಮ್ಯಾನಿಫೋಲ್ಡಲ್ಲಿ ವ್ಯಾಕ್ಯೂಮ್ ಸ್ಲೋಗಿಂತ ಜಾಸ್ತಿ. ಎಂಜಿನ್ ಗಾಡಿಯನ್ನೂ ಹಿಡೀತದೆ, ಬೂಸ್ಟರನ್ನೂ ತುಂಬ್ತದೆ.

ಮೈಸೂರು ಲೇತ್ · ಸೋಮವಾರ ಬೆಳಗ್ಗೆ

ರಾತ್ರಿಯೆಲ್ಲ ಆ ಬಿಳಿ ಹೊಗೆ ತಲೆ ಕೊರೀತಿತ್ತು. ಮೂರು ಪ್ರಶ್ನೆ. ರೇಡಿಯೇಟರ್ ನೀರು ಕಡಿಮೆ ಆಗ್ತಿದೆಯಾ? ಬ್ರೇಕ್ ಆಯಿಲ್ ಟಾಪ್ ಅಪ್ ಮಾಡಿದ್ದೀರಾ? ಚಕ್ರಗಳ ಹತ್ತಿರ ಎಲ್ಲಾದ್ರೂ ಒದ್ದೆ ಇದೆಯಾ?

ಹಾಸನದ ಕಾಂಟೆಸ್ಸಾ · ಸೋಮವಾರ ಮಧ್ಯಾಹ್ನ

ನೀರು ಒಂದು ಹನಿಯೂ ಕಡಿಮೆ ಆಗಿಲ್ಲ. ಬ್ರೇಕ್ ಆಯಿಲ್ ಎರಡು ತಿಂಗಳಲ್ಲಿ ಎರಡು ಸಲ ಹಾಕಿದ್ದೀನಿ. ನಾಲ್ಕೂ ಚಕ್ರ, ಪೈಪ್ ಎಲ್ಲ ನೋಡಿದೆ, ಒಣಗಿವೆ. ಪ್ಯಾಡ್ ಸವೆದು ಆಯಿಲ್ ಇಳಿದಿರಬೇಕು ಅಂದ್ಕೊಂಡಿದ್ದೆ.

ಮೈಸೂರು ಲೇತ್ · ಸೋಮವಾರ ಮಧ್ಯಾಹ್ನ

ಪ್ಯಾಡ್ ಸವೆದು ಇಳಿಯೋದು ತಿಂಗಳುಗಟ್ಟಲೆ ನಿಧಾನಕ್ಕೆ. ನಿಮ್ಮ ಆಯಿಲ್‌ನ ಎಂಜಿನ್ ಕುಡೀತಿದೆ. ಮಾಸ್ಟರ್ ಸಿಲಿಂಡರ್‌ನ ಹಿಂದಿನ ರಬ್ಬರ್ ಹೋದ್ರೆ ಆಯಿಲ್ ಹೊರಗೆ ಬರಲ್ಲ. ಹಿಂದೆ ಬೂಸ್ಟರ್‌ನ ವ್ಯಾಕ್ಯೂಮ್ ಇದೆಯಲ್ಲ, ಅದು ಒಳಕ್ಕೆ ಎಳ್ಕೊಳ್ಳುತ್ತೆ. ಆಯಿಲ್ ಬೂಸ್ಟರ್ ತಳದಲ್ಲಿ ನಿಲ್ಲುತ್ತೆ, ಜಾಸ್ತಿ ಆದಾಗ ಪೈಪಲ್ಲಿ ಎಂಜಿನ್‌ಗೆ ಹೋಗಿ ಉರಿದು ಬಿಳಿ ಹೊಗೆ ಬರುತ್ತೆ. ಹೆಡ್ ಬಿಚ್ಚಿಸಬೇಡಿ. ಮಾಸ್ಟರ್ ಸಿಲಿಂಡರ್‌ನ ಎರಡು ನಟ್ ತೆಗೆದು, ಲೋಹದ ಪೈಪ್ ಬಿಚ್ಚದೆ, ಅದು ಬಗ್ಗುವಷ್ಟು ಮಾತ್ರ ಮುಂದಕ್ಕೆ ಸರಿಸಿ ಹಿಂಬದಿ ಬೆರಳು ಹಾಕಿ. ಒದ್ದೆ ಇದ್ರೆ ಮುಗೀತು.

ಬರ್ಮಿಂಗ್‌ಹ್ಯಾಮ್ ಕನ್ನಡಿಗ · ಸೋಮವಾರ ರಾತ್ರಿ

ಇದನ್ನು ಓದಿ ಮೈ ಜುಂ ಅಂತು, ಎರಡು ವರ್ಷದ ಹಿಂದೆ ನನ್ನ ಎಂಜಿಬಿ ಜಿಟಿಗೆ ಇದೇ ಆಗಿತ್ತು. ಇಲ್ಲಿನ ಕೆಲವು ಹಳೇ ಗಾಡಿಗಳಲ್ಲಿ ಬೂಸ್ಟರ್ ಪೆಡಲ್ ಎದುರಿಗೆ ಇರದೆ ಎಂಜಿನ್ ಪಕ್ಕದ ಮೂಲೆಯಲ್ಲಿ ಬೇರೆಯಾಗಿ ಇರುತ್ತೆ. ಮಾಸ್ಟರ್ ಸಿಲಿಂಡರ್‌ನಿಂದ ಹೊರಟ ಆಯಿಲ್ ಪೈಪ್ ಬೂಸ್ಟರ್ ಹಾದು ಚಕ್ರಕ್ಕೆ ಹೋಗುತ್ತೆ. ಅಲ್ಲೂ ರಬ್ಬರ್ ಸೀಲ್ ಹೋದ್ರೆ ಆಯಿಲ್ ವ್ಯಾಕ್ಯೂಮ್ ಕಡೆಗೇ ಸೋರೋದು. ಈ ಜಾತಿಯಲ್ಲಿ ಪರೀಕ್ಷೆ ಸುಲಭ: ಬೂಸ್ಟರ್‌ಗೆ ಬರುವ ಪೈಪ್, ಹೋಗುವ ಪೈಪ್ ಎರಡನ್ನೂ ಒಂದು ಯೂನಿಯನ್‌ನಿಂದ ನೇರ ಸೇರಿಸಿ, ಗಾಳಿ ತೆಗೆದು, ವ್ಯಾಕ್ಯೂಮ್ ಪೈಪಿನ ಬಾಯಿಗೆ ಬಿರಡೆ ಹಾಕಿ, ಮನೆ ಅಂಗಳದಲ್ಲೇ ನೋಡಿ. ಆಯಿಲ್ ಇಳಿಯೋದು ನಿಂತ್ರೆ ಬೂಸ್ಟರ್.

ಬೂಸ್ಟರ್ ಕಥೆ ಓದುತ್ತಾ ಹೋದ್ರೆ ಎಷ್ಟು ಹಳೆಯದು ಅಂತ ಆಶ್ಚರ್ಯ ಆಗುತ್ತೆ. ರೋಲ್ಸ್ ರಾಯ್ಸ್ 1924ರಿಂದಲೇ ಗೇರ್‌ಬಾಕ್ಸ್‌ನಿಂದ ತಿರುಗುವ ಒಂದು ಸಣ್ಣ ಕ್ಲಚ್ ಥರದ ಸರ್ವೋ ಇಟ್ಟಿತ್ತು, ವ್ಯಾಕ್ಯೂಮ್ ಬೇಕೇ ಇಲ್ಲ. ಅಂಥ ಗಾಡಿ ರಿಪೇರಿ ಮಾಡುವವರು ವ್ಯಾಕ್ಯೂಮ್ ಪೈಪ್ ಹುಡುಕಿ ಸಮಯ ಹಾಳು ಮಾಡಬೇಡಿ. ಗಾಡಿ ಚಲಿಸ್ತಿದ್ರೆ ಮಾತ್ರ ಅದು ಸಹಾಯ ಮಾಡೋದು, ನಿಂತಲ್ಲಿ ಪೆಡಲ್ ಗಟ್ಟಿ ಇರೋದು ಅದರ ಸಹಜ ಗುಣ.

ಹಾಸನದ ಕಾಂಟೆಸ್ಸಾ · ಬುಧವಾರ

ಲೇತ್ ಸಾರ್, ನಿಮ್ಮ ಕಾಲಿಗೆ ನಮಸ್ಕಾರ. ಮಾಸ್ಟರ್ ಸಿಲಿಂಡರ್ ಹಿಂಬದಿ ಪೂರ್ತಿ ಒದ್ದೆ, ಬೂಸ್ಟರ್ ಬಾಯಿಯ ಸುತ್ತ ಪೇಂಟ್ ಉಬ್ಬಿ ಸಿಪ್ಪೆ ಎದ್ದಿದೆ. ಮೀನಿನ ತೊಟ್ಟಿಗೆ ಹಾಕುವ ತೆಳು ಪೈಪನ್ನ ಸಿರಿಂಜ್‌ಗೆ ಸಿಕ್ಕಿಸಿ ಬೂಸ್ಟರ್ ತಳದಿಂದ ಎಳೆದೆ. ಡಿಕಾಕ್ಷನ್ ಬಣ್ಣದ ಆಯಿಲ್, ಟೀ ಲೋಟದ ಮುಕ್ಕಾಲು ಭಾಗ ಬಂತು. ಪ್ಲಗ್‌ಗಳನ್ನೂ ತೆಗೆದು ನೋಡಿದೆ. ವ್ಯಾಕ್ಯೂಮ್ ಪೈಪ್ ಸೇರುವ ಕಡೆಯ ಪ್ಲಗ್ ಒಂದೇ ಬೇರೆ ಬಣ್ಣ.

ಹೆಡ್ ಬಿಚ್ಚೋದು ನಿಲ್ಲಿಸಿದೆ. ಗುಜರಿ ಬೂಸ್ಟರ್ ಮಾತ್ರ ತಂದು ಹಾಕಿದ್ರೆ ಸಾಲುತ್ತಾ?

ಕುಡ್ಲದ ಸ್ಪ್ಯಾನರ್ · ಬುಧವಾರ

ಅದನ್ನೇ ಹೇಳ್ಲಿಕ್ಕೆ ಹೊರಟಿದ್ದೆ. ಬೂಸ್ಟರನ್ನು ಹಾಳು ಮಾಡಿದ್ದು ಮಾಸ್ಟರ್ ಸಿಲಿಂಡರ್. ಬ್ರೇಕ್ ಆಯಿಲಲ್ಲಿ ನೆನೆದು ನೆನೆದು ಡಯಾಫ್ರಮ್ ಉಬ್ಬಿ ಹರಿದದ್ದು. ಅದನ್ನು ಹಾಗೆಯೇ ಬಿಟ್ಟು ಹೊಸ ಬೂಸ್ಟರ್ ಹಾಕಿದ್ರೆ ಕೆಲವೇ ತಿಂಗಳಲ್ಲಿ ಅದೂ ಹೀಗೆಯೇ ಆಗ್ತದೆ, ಮತ್ತೆ ಯಾವುದಾದ್ರೂ ಘಾಟಿಯಲ್ಲಿ. ಎರಡೂ ಒಟ್ಟಿಗೆ ಆಗ್ಬೇಕು. ಗುಜರಿ ಬೂಸ್ಟರಿನ ರಬ್ಬರಿಗೂ ನಿಮ್ಮದರಷ್ಟೇ ವಯಸ್ಸು.

ಬೂಸ್ಟರ್ ಬಿಚ್ಚುವುದಾದ್ರೆ ಅಭ್ಯಾಸ ಇದ್ದವರ ಹತ್ತಿರವೇ ಮಾಡಿಸಿ. ಒಳಗೆ ದೊಡ್ಡ ಸ್ಪ್ರಿಂಗ್ ಒತ್ತಿ ಕೂತಿರ್ತದೆ, ಸಡಿಲ ಆದ ತಕ್ಷಣ ಮುಖಕ್ಕೆ ಹಾರ್ತದೆ. ಎರಡು ಅರ್ಧಕ್ಕೂ ಅಡ್ಡ ಒಂದು ಗೆರೆ ಗೀಚಿ ಇಟ್ಟುಕೊಳ್ಳಿ, ಸೇರಿಸುವಾಗ ತಪ್ಪಬಾರದು. ರಬ್ಬರ್ ಭಾಗವನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೀಲಿಕ್ಕೆ ಬಿಡಬೇಡಿ. ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಕಪ್‌ಗೆ ಎಂಜಿನ್ ಆಯಿಲ್, ಗ್ರೀಸ್ ಸವರಿ ಕೂರಿಸಿದ್ರೆ ಒಂದು ವಾರದಲ್ಲಿ ಅಣಬೆಯ ಹಾಗೆ ಉಬ್ತದೆ. ಅಲ್ಲಿಗೆ ಹೊಸ ಬ್ರೇಕ್ ಆಯಿಲ್ ಮಾತ್ರ.

ಮೈಸೂರು ಲೇತ್ · ಬುಧವಾರ ರಾತ್ರಿ

ಮಾಸ್ಟರ್ ಸಿಲಿಂಡರ್ ಬೋರ್ (ಪಿಸ್ಟನ್ ಓಡಾಡೋ ಕೊಳವೆ) ಒಳಗೆ ಟಾರ್ಚ್ ಬಿಟ್ಟು ನೋಡಿ. ನಾಲ್ಕು ವರ್ಷ ನಿಂತ ಗಾಡಿ. ಬ್ರೇಕ್ ಆಯಿಲ್ ಗಾಳಿಯ ನೀರಿನಂಶ ಹೀರುತ್ತೆ, ನೀರಿನಿಂದ ಬೋರ್‌ನಲ್ಲಿ ತುಕ್ಕಿನ ಗುಳಿ ಬೀಳುತ್ತೆ. ಗುಳಿ ಇದ್ರೆ ಹೊಸ ಕಪ್ ಹಾಕಿಯೂ ಪ್ರಯೋಜನ ಇಲ್ಲ, ಅದರ ತುಟಿಯನ್ನ ಗುಳಿ ಕತ್ತರಿಸುತ್ತೆ. ಸ್ಟೇನ್‌ಲೆಸ್ ಸ್ಲೀವ್ ಹಾಕಿಸಿ. ಅಳತೆ ಮಾತ್ರ ಮೊದಲಿನದ್ದೇ ಇರಲಿ. ಸಿಕ್ಕಿತು ಅಂತ ದೊಡ್ಡ ಬೋರ್‌ನ ಬೇರೆ ಗಾಡಿಯ ಮಾಸ್ಟರ್ ಸಿಲಿಂಡರ್ ಕೂರಿಸ್ತಾರೆ. ಮುಕ್ಕಾಲು ಇಂಚಿನ ಜಾಗಕ್ಕೆ 7/8 ಇಂಚಿನದು ಬಂದ್ರೆ ಅದೇ ಬ್ರೇಕಿಗೆ ಕಾಲಿನ ಬಲ ಶೇ. 36 ಜಾಸ್ತಿ ಬೇಕು. ಆಮೇಲೆ ಬೂಸ್ಟರ್ ಸರಿಯಿಲ್ಲ ಅಂತ ಮತ್ತೆ ಶುರು.

ಹಾಸನದ ಕಾಂಟೆಸ್ಸಾ · ಮೂರು ವಾರದ ನಂತರ

ಕೆಲಸ ಆಯ್ತು, ಆದ್ರೆ ಹೊಸ ತೊಂದರೆ. ಬೋರ್‌ನಲ್ಲಿ ಗುಳಿ ಇತ್ತು, ಸ್ಲೀವ್ ಹಾಕಿಸಿದೆ. ಬೆಂಗಳೂರಲ್ಲಿ ಜೆ.ಸಿ. ರೋಡ್ ಒಂದು ದಿನ ಪೂರ್ತಿ ಸುತ್ತಿ ಬೂಸ್ಟರ್ ಕಿಟ್ ತಂದೆ. ಪರೀಕ್ಷೆ ಮೂರೂ ಪಾಸ್. ಬೆಣ್ಣೆ ಹಾಗಿದೆ ಪೆಡಲ್. ಆದ್ರೆ ಆರು ಕಿಲೋಮೀಟರ್ ಓಡಿಸಿದ ಮೇಲೆ ಗಾಡಿ ಯಾರೋ ಹಿಂದಿನಿಂದ ಹಿಡಿದ ಹಾಗೆ ಭಾರ, ಮುಂದಿನ ಎರಡೂ ಚಕ್ರ ಕೈ ಇಡೋಕಾಗದಷ್ಟು ಬಿಸಿ. ಅರ್ಧ ಗಂಟೆ ನಿಲ್ಲಿಸಿದ್ರೆ ತಾನೇ ಬಿಡುತ್ತೆ.

ಕುಡ್ಲದ ಸ್ಪ್ಯಾನರ್ · ಅದೇ ದಿನ

ಹೆದರ್ಬೇಡಿ, ಇದು ಸಣ್ಣದು. ಇನ್ನೊಮ್ಮೆ ಜಾಮ್ ಆದಾಗ ಮನೆ ಅಂಗಳದಲ್ಲೇ ಮಾಸ್ಟರ್ ಸಿಲಿಂಡರ್ ನಟ್ ಎರಡನ್ನೂ ಎರಡು ಮೂರು ಸುತ್ತು ಸಡಿಲಿಸಿ. ಚಕ್ರ ಬಿಟ್ಟರೆ ಮಾಸ್ಟರ್ ಸಿಲಿಂಡರನ್ನು ಒತ್ತುವ ಬೂಸ್ಟರಿನ ಮುಂದಿನ ರಾಡ್ ಉದ್ದ ಆಗಿದೆ. ಬಿಡದಿದ್ರೆ ಚಕ್ರದ ಹತ್ತಿರದ ಬ್ಲೀಡ್ ಸ್ಕ್ರೂ (ಆಯಿಲಿನ ಗಾಳಿ ತೆಗೆಯುವ ತಿರುಪು) ಬಿಚ್ಚಿ. ಅದಕ್ಕೆ ಬಿಟ್ಟರೆ ಚಕ್ರದ ರಬ್ಬರ್ ಹೋಸ್ ಒಳಗೆ ಊದಿಕೊಂಡು ಆಯಿಲನ್ನು ವಾಪಸ್ ಬಿಡ್ತಾ ಇಲ್ಲ. ಅದಕ್ಕೂ ಬಿಡದಿದ್ರೆ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಪಿಸ್ಟನ್ನೇ ಹಿಡಿದದ್ದು.

ಎರಡೂ ಚಕ್ರ ಒಟ್ಟಿಗೆ ಅಂದದ್ದರಿಂದ ನನ್ನ ಅಂದಾಜು ರಾಡ್. ಮಾಸ್ಟರ್ ಸಿಲಿಂಡರಲ್ಲಿ ಆಯಿಲ್ ಬಿಸಿಗೆ ಹಿಗ್ಗಿದಾಗ ವಾಪಸ್ ಡಬ್ಬಿಗೆ ಹೋಗ್ಲಿಕ್ಕೆ ಸೂಜಿಮೊನೆಯಷ್ಟು ಒಂದು ತೂತು ಉಂಟು. ರಾಡ್ ಒಂದು ಕೂದಲು ಉದ್ದ ಆದ್ರೂ ಪಿಸ್ಟನ್ ಪೂರ ಹಿಂದೆ ಬರುದಿಲ್ಲ, ಆ ತೂತು ಮುಚ್ಚಿಯೇ ಇರ್ತದೆ. ಆಯಿಲ್ ಹಿಗ್ಗಿ ತಾನೇ ಬ್ರೇಕ್ ಹಿಡೀತದೆ, ಹಿಡಿದಷ್ಟೂ ಬಿಸಿ, ಬಿಸಿ ಆದಷ್ಟೂ ಹಿಡಿತ.

ಅಳತೆಗೆ ಮಕ್ಕಳು ಆಡುವ ಬಣ್ಣದ ಕ್ಲೇ ಸಾಕು. ಬೂಸ್ಟರಲ್ಲಿ ವ್ಯಾಕ್ಯೂಮ್ ಇಲ್ಲದಾಗ ರಾಡಿನ ತುದಿಗೆ ಒಂದು ಉಂಡೆ ಅಂಟಿಸಿ ಮಾಸ್ಟರ್ ಸಿಲಿಂಡರ್ ಕೂರಿಸಿ ಬಿಗಿ ಮಾಡಿ, ತೆಗೆದು ಕ್ಲೇ ಎಷ್ಟು ದಪ್ಪ ಉಳಿದಿದೆ ನೋಡಿ. ಸಾಮಾನ್ಯಕ್ಕೆ ಅರ್ಧ ಮಿಲಿಮೀಟರ್ ಆಸುಪಾಸು ಸಂದು, ನಿಮ್ಮ ಗಾಡಿಯ ಮ್ಯಾನ್ಯುಯಲಲ್ಲಿ ಬೇರೆ ಅಂಕಿ ಇದ್ರೆ ಅದೇ ಸರಿ. ರಾಡಿನ ಉದ್ದ ಕಡಿಮೆ ಮಾಡ್ಲಿಕ್ಕೆ ಹೋಗಿ ಅದು ತೀರಾ ಗಿಡ್ಡ ಆದ್ರೆ ಪೆಡಲ್ ಅರ್ಧ ದೂರ ಸುಮ್ಮನೆ ಹೋಗ್ತದೆ.

ಹಾಸನದ ಕಾಂಟೆಸ್ಸಾ · ಮರುದಿನ ಸಂಜೆ

ನಟ್ ಸಡಿಲಿಸಿದ ತಕ್ಷಣ ಟಕ್ ಅಂತ ಸದ್ದಾಗಿ ಚಕ್ರ ಬಿಡ್ತು. ಮಗಳ ಹಸಿರು ಕ್ಲೇ ಅಂಟಿಸಿ ನೋಡಿದ್ರೆ ಒಂದು ಪದರವೂ ಉಳಿದಿಲ್ಲ, ಲೋಹಕ್ಕೆ ಲೋಹ ತಾಗಿದೆ. ಬೂಸ್ಟರ್ ಕಟ್ಟುವಾಗ ರಾಡ್ ತುದಿಯ ತಿರುಪು ಯಾರೋ ತಿರುಗಿಸಿದ್ದಾರೆ. ಸರಿ ಮಾಡಿ ಸಂದು ಬಿಟ್ಟೆ. ಇವತ್ತು ಬೇಲೂರಿಗೆ ಹೋಗಿ ಬಂದೆ, ಸುಮಾರು 80 ಕಿಲೋಮೀಟರ್, ನಾಲ್ಕೂ ಚಕ್ರ ಮುಟ್ಟಿ ನೋಡಿದೆ, ಹಿತವಾದ ಬಿಸಿ ಅಷ್ಟೇ. ಬೆಳಗ್ಗೆ ಹೊಗೆಯೂ ಇಲ್ಲ.

ಮುಂದಿನ ಭಾನುವಾರ ಅಮ್ಮನನ್ನ ಮತ್ತೆ ಕುಕ್ಕೆಗೆ ಕರ್ಕೊಂಡು ಹೋಗ್ತೀನಿ, ಸೆಕೆಂಡ್ ಗೇರ್‌ನಲ್ಲಿ.

ಮೈಸೂರು ಲೇತ್ · ಅದೇ ರಾತ್ರಿ

ತುಂಬ ಖುಷಿ ಆಯ್ತು ತಮ್ಮ. ಹೊರಡುವ ಮುಂಚೆ ಆಯಿಲ್ ಡಬ್ಬಿಯ ಮೇಲೆ ಪೆನ್ನಲ್ಲಿ ಮಟ್ಟದ ಗೆರೆ ಹಾಕಿ ಇಟ್ಕೊಳ್ಳಿ. ಬಂದ ಮೇಲೆ ಗೆರೆ ಎಲ್ಲಿದೆ ಅಂತ ಇಲ್ಲಿ ಬರೀರಿ.